ಆಣೆಯಿಲ್ಲದ ಸಾಕ್ಷಿ

ನಾನು ಗದಗಿನ ಕಡೆಯವಳು. ನಮ್ಮ ಮನೆಯಲ್ಲಿ ಆಣೆ ಹಾಕದೆ ಯಾರೂ ಒಂದು ಲೋಟ ನೀರು ಕೇಳಿದವರಲ್ಲ. "ನನ್ನಾಣಿ, ಇನ್ನೊಂದು ರೊಟ್ಟಿ ತಿನ್ನು" ಎಂದು ಅವ್ವ, "ಶಿವನಾಣಿ, ಹೊಟ್ಯಾಗ ಜಾಗ ಇಲ್ಲ" ಎಂದು ನಾನು. ಆಮೇಲೆ ಅವಳು ಅರ್ಧ ರೊಟ್ಟಿ ಹಾಕುವುದು, ನಾನು ತಿನ್ನುವುದು, ಇಬ್ಬರ ಆಣೆಯೂ ಅಲ್ಲಿಗೆ ಮಣ್ಣುಪಾಲು. ಶಿವನಿಗೆ ಬೇರೆ ಕೆಲಸವಿದೆ, ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬ ಧೈರ್ಯದ ಮೇಲೆ ನಮ್ಮ ಓಣಿಯೇ ನಡೆದಿತ್ತು. ಸಿಂಗಪುರದ ಜುರಾಂಗ್ ವೆಸ್ಟ್‌ಗೆ ಬಂದು ಇಷ್ಟು ವರ್ಷವಾದರೂ ನಾಲಿಗೆಯ ಈ ಚಟ ಹೋಗಿರಲಿಲ್ಲ. ಅದು ಎಂಥ ಫಜೀತಿ ಮಾಡಬಲ್ಲದೆಂದು ತಿಳಿದದ್ದು ಇಲ್ಲಿನ ಒಂದು ನ್ಯಾಯಾಲಯದಲ್ಲಿ, ಉಡುಪಿ ಕಡೆಯ ಎಪ್ಪತ್ತು ದಾಟಿದ ಒಬ್ಬ ಆಂಟಿಯ ಎದುರಿಗೆ.

ಹೊಟ್ಟೆಪಾಡಿಗೆ ನಾನು ಬ್ಯೂನಾ ವಿಸ್ಟಾದ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಕೋರ್ಟಿನ ದುಭಾಷಿ ಕೆಲಸ ಅಪರೂಪಕ್ಕೆ ಬರುವುದು. ಇಲ್ಲಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಚೀನೀ, ಮಲಯ, ತಮಿಳು ಮಾತಾಡುವವರಿಗೆ ಖಾಯಂ ದುಭಾಷಿಗಳಿದ್ದಾರೆ. ಕನ್ನಡದ ಸಾಕ್ಷಿ ಬರುವುದೇ ಕಡಿಮೆಯಾದ್ದರಿಂದ ನನ್ನಂಥ ಹೊರಗಿನವರಿಗೆ ಫೋನು ಬರುತ್ತದೆ. ಫೋನು ಬಂದ ದಿನ ನಾನು ಇಸ್ತ್ರಿ ಮಾಡಿದ ಸೀರೆ ತೆಗೆದಿಡುತ್ತೇನೆ, ಆಫೀಸಿಗೆ ರಜೆ ಬರೆಯುತ್ತೇನೆ, ನನ್ನ ಗಂಡ "ಏನು, ಹೈಕೋರ್ಟು ಹೊಂಟಿತೇನು?" ಎಂದು ರೇಗಿಸುತ್ತಾನೆ. ನನಗೆ ಸಿಟ್ಟು ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಆ ದಿನದ ಕೇಸು ಸಣ್ಣದು. ಕಟಕಟೆಯಲ್ಲಿದ್ದವರು ಐವತ್ತು ದಾಟಿದ ಒಬ್ಬ ಮಲಯ ಮನುಷ್ಯ, ಸೈಕಲ್ಲಿನ ಮೇಲೆ ಮನೆಮನೆಗೆ ಊಟ ತಲುಪಿಸುವವರು. ಟ್ಯಾಂಪಿನೀಸ್‌ನ ಸೈಕಲ್ ದಾರಿಯಲ್ಲಿ ಅಡ್ಡಾದಿಡ್ಡಿ ಓಡಿಸಿ, ಪಕ್ಕದಲ್ಲಿ ಜಾಗಿಂಗ್ ಮಾಡುತ್ತಿದ್ದ ಒಬ್ಬರ ಕಣಕಾಲಿನ ಮೂಳೆ ಬಿರುಕು ಬಿಡುವ ಹಾಗೆ ಗುದ್ದಿದರೆಂಬುದು ಆರೋಪ. ತಪ್ಪು ಸಾಬೀತಾದರೆ ದಂಡವಂತೂ ಸರಿ, ಕೆಲಸವೇ ಹೋಗುತ್ತಿತ್ತು. ಆಗಲೇ ಅವರ ಕಂಪನಿ ಕೇಸು ಮುಗಿಯುವ ತನಕ ಸೈಕಲ್ ಮುಟ್ಟಬೇಡ ಎಂದು ಅವರನ್ನು ಮನೆಯಲ್ಲಿ ಕೂರಿಸಿತ್ತು. ಘಟನೆಯನ್ನು ಕಣ್ಣಾರೆ ಕಂಡವರು ಒಬ್ಬರೇ, ನಮ್ಮ ಆಂಟಿ. ಟ್ಯಾಂಪಿನೀಸ್‌ನಲ್ಲಿ ಮಗನ ಮನೆಯಲ್ಲಿ ಇರುವವರು. ಮನೆಮಾತು ತುಳು, ಕನ್ನಡ ಬರುತ್ತದೆ, ಇಂಗ್ಲಿಷಿನಲ್ಲಿ "ಥ್ಯಾಂಕ್ಯೂ" ಒಂದು ಬಿಟ್ಟು ಬೇರೆ ಬರುವುದಿಲ್ಲ.

ಒಳಗೆ ಹೋಗುವಾಗ ಬಾಗಿಲ ಯಂತ್ರ ನನ್ನನ್ನು ನೋಡಿ ಎಂದಿನಂತೆ ಕೂಗಿತು. ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ, ಅದರೊಳಗೆ ಇಷ್ಟಲಿಂಗ. ತಲೆಗೆ ವಸ್ತ್ರ ಸುತ್ತಿದ್ದ ಕಾವಲಿನ ಹೆಂಗಸು "ಪ್ರೇಯರ್ ಥಿಂಗ್ ಆ?" ಎಂದು ಕೇಳಿ, ಹೌದೆಂದಾಗ, ಮುಟ್ಟದೆ ಕೈಯಂತ್ರವನ್ನು ಒಂದು ಸುತ್ತು ಆಡಿಸಿ "ಓಕೆ ಲಾ" ಎಂದು ಬಿಟ್ಟಳು. ನನ್ನ ಹಿಂದೆಯೇ ಆಂಟಿ ಮತ್ತು ಮಗ ಬಂದರು. ಆಂಟಿಯ ಕೈಯಲ್ಲಿ ಏರ್‌ಪೋರ್ಟಿಗೆ ಹೊರಟವರ ಹಾಗೆ ಒಂದು ದೊಡ್ಡ ಹಸಿರು ಜಿಪ್ ಬ್ಯಾಗು.

ಸಾಕ್ಷಿಯ ಜೊತೆ ಕೇಸಿನ ಮಾತು ಆಡುವ ಹಾಗಿಲ್ಲ. ಒಬ್ಬರ ಕನ್ನಡ ಇನ್ನೊಬ್ಬರಿಗೆ ತಿಳಿಯುತ್ತದೋ ಎಂದು ನೋಡಲು ನಾಲ್ಕು ಲೋಕಾಭಿರಾಮ ಆಡಬಹುದು. ನಾನು "ನಮಸ್ಕಾರ ಆಂಟಿ, ನಾಷ್ಟಾ ಆಯ್ತಾ?" ಎಂದೆ.

"ಆಯ್ತು. ನಿಮ್ಮದು ಯಾವ ಊರು?"

"ಗದಗ."

"ಓ, ಘಟ್ಟದ ಮೇಲೆ. ಅದಕ್ಕೇ ಮಾತು ಸ್ವಲ್ಪ ಜೋರು. ಆಗ ನೀವು ಫೋನಿನಲ್ಲಿ ಮಾತಾಡುವಾಗ ಯಾರದ್ದೋ ಹತ್ರ ಜಗಳ ಅಂತ ಎಣಿಸಿದೆ."

ಮಾತಾಡುತ್ತಿದ್ದದ್ದು ನನ್ನ ಗಂಡನ ಜೊತೆ, ಅದೂ ಪ್ರೀತಿಯಿಂದಲೇ. ಮಗ ನಗುತ್ತ ತಲೆ ಕೆರೆದುಕೊಂಡ. "ಬೇಡಮ್ಮ ಅಂದ್ರೂ ಕೇಳ್ಲಿಲ್ಲ ಮೇಡಂ. ನಾಳೆ ಇವರು ಇಲ್ಲಿ ಇರೋ ಪಾಸ್ ರಿನ್ಯೂ ಮಾಡುವಾಗ ಏನಾದ್ರೂ ಪ್ರಾಬ್ಲಂ ಆದ್ರೆ? ಈ ಬ್ಯಾಗ್ ಬೇರೆ. ಯಾಕೆ ಅಂತ ಕೇಳಿದ್ರೆ ಬಾಯೇ ಬಿಡ್ತಿಲ್ಲ."

"ನೀನು ಸುಮ್ನಿರು ಮಾರಾಯ," ಎಂದು ಆಂಟಿ ಬ್ಯಾಗನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಒಳಗೆ ಬೆಳಗಿನಿಂದ ಸಾಕ್ಷಿಗಳು ನಡೆದಿದ್ದವು. ಇಲ್ಲಿ ಕ್ರೈಸ್ತರು ಬೈಬಲ್ ಹಿಡಿದು ಪ್ರಮಾಣ ಮಾಡುತ್ತಾರೆ. ಉಳಿದವರು ಯಾವ ದೇವರನ್ನೂ ಕರೆಯಬೇಕಾಗಿಲ್ಲ, ನಿಜ ಹೇಳುತ್ತೇನೆಂದು ಗಂಭೀರವಾಗಿ ತಿಳಿಸಿದರೆ ಸಾಕು. ಕಾಲು ಪೆಟ್ಟು ಮಾಡಿಕೊಂಡವರು ಬೈಬಲ್ ಹಿಡಿದು, ಸೈಕಲ್ ಹಿಂದಿನಿಂದ ಜೋರಾಗಿ ಬಂತು, ಬೆಲ್ ಕೇಳಲಿಲ್ಲ ಎಂದರು. ಕಿವಿಯಲ್ಲಿ ಹಾಡು ಕೇಳುವ ಸಾಧನ ಇತ್ತೆಂಬುದನ್ನು ಒಪ್ಪಿಕೊಂಡರು, ಬೀಳುವ ಮುಂಚಿನ ಗಳಿಗೆ ಸರಿಯಾಗಿ ನೆನಪಿಲ್ಲವೆಂದರು. ಸೈಕಲ್ಲಿನವರು ದೇವರ ಹೆಸರೆತ್ತದೆ ತಮ್ಮ ಮಾತು ಕೊಟ್ಟು, ಬೆಲ್ ಮಾಡಿದ್ದೆ, ನಿಧಾನಕ್ಕೇ ಇದ್ದೆ, ಆತ ಇದ್ದಕ್ಕಿದ್ದಂತೆ ನನ್ನ ದಾರಿಗೆ ಹಾರಿದ ಎಂದರು. ಯಾಕೆ ಹಾರಿದ ಎಂದರೆ ಅವರಿಗೂ ಗೊತ್ತಿರಲಿಲ್ಲ, ಅವರ ಕಣ್ಣು ಎದುರಿನ ದಾರಿಯ ಮೇಲಿತ್ತಂತೆ. ಇದು ಅವರ ಮಾತು, ಅದು ಇವರ ಮಾತು. ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನ ಸಾಕ್ಷಿ ಎಂದರು.

ಆಂಟಿ ಬ್ಯಾಗಿನ ಸಮೇತ ಬಂದರು. ನಾನು ನನ್ನ ಹಾಳೆ ತೆಗೆದೆ. ಸಾಕ್ಷಿಯಿಂದ ಹೇಳಿಸಬೇಕಾದ ಮಾತನ್ನು ನಾನೇ ವರ್ಷಗಳ ಹಿಂದೆ ಕನ್ನಡಕ್ಕೆ ಇಳಿಸಿ ಇಟ್ಟುಕೊಂಡಿದ್ದೆ. ಸಿನಿಮಾ ಕೋರ್ಟುಗಳನ್ನು ನೋಡಿ ಬೆಳೆದವಳು ನಾನು, ಕೊನೆಗೆ ಗತ್ತಿನಿಂದ "ಎಂದು ಪ್ರಮಾಣ ಮಾಡುತ್ತೇನೆ" ಎಂದು ಸೇರಿಸಿದ್ದೆ. ಹಿಂದೆ ಎಲ್ಲರೂ ಗಿಳಿಯ ಹಾಗೆ ಹೇಳಿ ಮುಗಿಸಿದ್ದರು. ಆಂಟಿಯೂ ನನ್ನ ಹಿಂದೆ ಹಿಂದೆ ಹೇಳುತ್ತ ಬಂದರು. "ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು..."

"ಪ್ರಮಾಣ ಮಾಡುತ್ತೇನೆ," ಎಂದೆ.

ಆಂಟಿ ಬಾಯಿ ಮುಚ್ಚಿಕೊಂಡರು.

"ಪ್ರಮಾಣ ಎಲ್ಲ ಆಗ್ಲಿಕ್ಕಿಲ್ಲ," ಎಂದರು.

ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆ ತಿಳಿಸುವುದು ನನ್ನ ಕೆಲಸ. ತಿಳಿಸಿದೆ. ಸರ್ಕಾರಿ ವಕೀಲರು ಎದ್ದು ನಿಂತು, ನಿಜ ಹೇಳುತ್ತೇನೆಂದು ಒಪ್ಪದವರ ಸಾಕ್ಷಿಯನ್ನು ತೆಗೆದುಕೊಳ್ಳುವುದು ಹೇಗೆ ಎಂದರು. ಅದನ್ನು ಕೇಳಿ ಸೈಕಲ್ಲಿನವರ ಮುಖ ಸಣ್ಣದಾದದ್ದನ್ನು ನಾನು ಕಂಡೆ. ಅವರಿಗಿದ್ದದ್ದು ಇದೊಂದೇ ಸಾಕ್ಷಿ. ಗಾಬರಿಯಲ್ಲಿ ದುಭಾಷಿ ಮಾಡಬಾರದ ಕೆಲಸ ಮಾಡಿದೆ, ನನ್ನ ಸ್ವಂತ ಮಾತು ಸೇರಿಸಿದೆ.

"ಆಂಟಿ, ಬರೀ ಬಾಯಿಮಾತು ಅದು. ದೇವರಾಣೆಗೂ ಏನೂ ಆಗಲ್ಲ!"

ಆಂಟಿ ಎರಡೂ ಕಿವಿ ಮುಚ್ಚಿಕೊಂಡರು. "ಅಯ್ಯೋ ದೇವರೇ! ಪ್ರಮಾಣ ಬೇಡ ಅಂದ್ರೆ ಆಣೆ ಬೇರೆ ಹಾಕಿದ್ಳಲ್ಲ ಮಾರಾಯ್ತಿ!"

"ಈಗ ಏನು ನಡೆಯಿತು?" ಎಂದು ನ್ಯಾಯಾಧೀಶೆ ಕೇಳಿದರು.

ನನ್ನ ಬೆಪ್ಪುತನವನ್ನು ನಾನೇ ತುಂಬಿದ ಕೋರ್ಟಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಕಿವಿಯೆಲ್ಲ ಬಿಸಿಯಾಯಿತು. ಅವರು ಬೈಯಲಿಲ್ಲ. "ಅವರನ್ನೇ ಕೇಳಿ, ಯಾಕೆ ಬೇಡವಂತೆ? ನೀವು ಏನೂ ಸೇರಿಸಬೇಡಿ," ಎಂದರು.

ಆಂಟಿ ನ್ಯಾಯಾಧೀಶೆಯನ್ನೇ ನೋಡುತ್ತ ಹೇಳಿದರು. "ನಮ್ಮ ಭಾವನವರು, ಯಜಮಾನರ ಅಣ್ಣ, ಒಂದು ತೆಂಗಿನಮರದ ವಿಷಯಕ್ಕೆ ಸಿಟ್ಟಿನಲ್ಲಿ ಒಂದೇ ಒಂದು ಆಣೆ ಹಾಕಿದ್ದು. ಅವತ್ತಿನಿಂದ ಇಪ್ಪತ್ತೆರಡು ವರ್ಷ, ಅಣ್ಣ ತಮ್ಮನ ಎರಡು ಮನೆಯವರು ಒಬ್ಬರ ಮನೆ ನೀರು ಒಬ್ಬರು ಕುಡಿಲಿಲ್ಲ. ಒಂದೇ ಅಂಗಳ ನೋಡಿ. ನನ್ನ ಮದುವೆ ಊಟಕ್ಕೆ ಅವರು ಬರ್ಲಿಲ್ಲ. ಕಡೆಗೆ ಕ್ಷೇತ್ರಕ್ಕೆ ಹೋಗಿ ಕಾಣಿಕೆ ಹಾಕಿ ಬಿಡಿಸಿದ್ದು. ಅಷ್ಟೊತ್ತಿಗೆ ಆಣೆ ಹಾಕಿದವರೇ ಇರ್ಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಹಾಕುದಿಲ್ಲ. ನಿಜ ಹೇಳ್ಲಿಕ್ಕೆ ನನಗೆ ಎಂತ ತೊಂದರೆಯೂ ಇಲ್ಲ. ಅದಕ್ಕೇ ಬಂದದ್ದು."

ದಿನಕ್ಕೆ ಇಪ್ಪತ್ತು ಆಣೆ ಹಾಕುವ ನಾನು ಇದನ್ನು ಇಂಗ್ಲಿಷಿಗೆ ಇಳಿಸಿದೆ. ನಾಚಿಕೆಯಾಗುತ್ತಿತ್ತು.

ನ್ಯಾಯಾಧೀಶೆ ಸ್ವಲ್ಪ ಹೊತ್ತು ಪೆನ್ನನ್ನು ಆಡಿಸಿದರು. "ದೇವರನ್ನು ಸಾಕ್ಷಿಗೆ ಕರೆಯಲಾರದವರಿಗಾಗಿಯೇ ನಮ್ಮ ಕಾಯ್ದೆಯಲ್ಲಿ ಈ ದಾರಿ ಇರುವುದು. ಇಂಗ್ಲಿಷಿನ ಮಾತಿನಲ್ಲಿ ದೇವರಿಲ್ಲ. ಹಾಗಾದರೆ ಕನ್ನಡದಲ್ಲಿ ಎಲ್ಲಿಂದ ಬಂದ?"

"ನಾನು ತಂದು ಸೇರಿಸಿದೆ," ಎಂದೆ.

"ಹಾಗಾದರೆ ತೆಗೆಯಿರಿ. ನಿಮ್ಮ ಭಾಷೆಯಲ್ಲಿ ದೇವರಿಲ್ಲದ ಶಬ್ದ ಒಂದೂ ಇಲ್ಲವೇ?"

ಹುಡುಕಿದೆ. ಶಪಥ? ತೊಡೆ ತಟ್ಟಿದ ಹಾಗಾಗುತ್ತದೆ. ಪ್ರತಿಜ್ಞೆ? ಎಪ್ಪತ್ತರ ಮುದುಕಿ ಯುದ್ಧಕ್ಕೆ ಹೊರಟಿಲ್ಲ. ವಚನ ಕೊಡುತ್ತೇನೆ ಎನ್ನೋಣವೆಂದರೆ, ಲಿಂಗ ಕಟ್ಟಿಕೊಂಡ ನನಗೆ ಆ ಶಬ್ದವೇ ಪೂಜೆಗೆ ಕೂತ ಹಾಗೆ. "ಸತ್ಯ ಹೇಳುತ್ತೇನೆ ಅಂತ ಅಷ್ಟೇ ಅನ್ನಬಹುದಾ?" ಎಂದು ಅಪ್ಪಣೆ ಪಡೆದು ಆಂಟಿಯನ್ನು ಕೇಳಿದೆ. ಅವರು ಮೂಗಿನ ಮೇಲೆ ಬೆರಳಿಟ್ಟರು. "ನಮ್ಮಲ್ಲಿ ಸತ್ಯ ಅಂದ್ರೆ ದೈವ ಅಲ್ವಾ? ಆಗ ನೀವು ಹೇಳಿಸುವಾಗಲೇ ನನಗೆ ಸ್ವಲ್ಪ ಹೆದರಿಕೆ ಆಯ್ತು." ನನ್ನ ಕನ್ನಡ ಅಲ್ಲಿಗೆ ಖಾಲಿ. ಹೈಕೋರ್ಟು ಕೈ ಚೆಲ್ಲಿ ನಿಂತಿತು.

"ಅವರೇ ಹೇಳಲಿ," ಎಂದರು ನ್ಯಾಯಾಧೀಶೆ. "ಅವರ ಮನೆಯಲ್ಲಿ, ಆಣೆ ಹಾಕದೆ, ನಂಬಿಕೆಯ ಮಾತು ಕೊಡುವುದು ಹೇಗೆ?"

ಆಂಟಿ ಸೆರಗು ಸರಿಮಾಡಿಕೊಂಡರು. "ಕಂಡದ್ದು ಕಂಡ ಹಾಗೆ ಹೇಳ್ತೇನೆ," ಎಂದರು. ಒಂದು ಗಳಿಗೆ ಯೋಚಿಸಿ, "ಕಂಡದ್ದರಲ್ಲಿ ಎಂತದೂ ಬಿಡುದಿಲ್ಲ. ಕಾಣದ್ದು ಸೇರ್ಸುದಿಲ್ಲ," ಎಂದರು.

ನಾನು ಇಂಗ್ಲಿಷಿಗೆ ಹೇಳುವಾಗಲೇ ಹೊಳೆಯಿತು. ಕಾಯ್ದೆ ಕೇಳುವುದೂ ಅದೇ ಮೂರು, ನಿಜ ಹೇಳು, ಪೂರ್ತಿ ಹೇಳು, ನಿಜವಲ್ಲದ್ದು ಬೆರೆಸಬೇಡ. ನ್ಯಾಯಾಧೀಶೆ ಎದುರಿದ್ದ ಹಾಳೆ ನೋಡಿದರು, ಆಂಟಿಯನ್ನು ನೋಡಿದರು. "ಮೂರೂ ಬಂದವು. ಇದನ್ನು ಮನಸ್ಸಿಟ್ಟು, ಗಂಭೀರವಾಗಿ ಹೇಳುತ್ತಿದ್ದಾರೆಯೇ ಕೇಳಿ." ಕೇಳಿದೆ. "ತಮಾಷೆಗೆ ಇಷ್ಟು ದೂರ ಬರ್ತಾರಾ?" ಎಂದರು ಆಂಟಿ. ಸರ್ಕಾರಿ ವಕೀಲರೂ ನಕ್ಕು, ತಮ್ಮ ಅಭ್ಯಂತರವಿಲ್ಲವೆಂದು ಕೂತರು.

ಸೈಕಲ್ಲಿನವರ ವಕೀಲೆ ಮೆಲ್ಲಗೆ ಶುರುಮಾಡಿದಳು. ಅಂದು ಬೆಳಿಗ್ಗೆ ನೀವು ಅಲ್ಲಿ ಏನು ಮಾಡುತ್ತಿದ್ದಿರಿ?

ಆಂಟಿ ಬ್ಯಾಗಿನ ಮೇಲೆ ಕೈ ಇಟ್ಟರು. "ಕಾಗೆಗೆ ಅನ್ನ ಇಡ್ತಿದ್ದೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ಮಗ "ಅಮ್ಮಾ!" ಎಂದದ್ದು ನನಗೂ ಕೇಳಿತು. ಈ ಊರಿನಲ್ಲಿ ಹಕ್ಕಿಗಳಿಗೆ ತಿನ್ನಲು ಹಾಕುವುದು ಅಪರಾಧ. ಪ್ರತಿ ಬ್ಲಾಕಿನ ಕೆಳಗೂ ಬೋರ್ಡಿದೆ. ಆಂಟಿ ಅನ್ನ ಇಟ್ಟದ್ದು ವಕೀಲೆಗೂ ಮೊದಲು ಗೊತ್ತಿರಲಿಲ್ಲವೆಂದು ಅವಳ ಹುಬ್ಬೇ ಹೇಳುತ್ತಿತ್ತು.

"ಅವತ್ತು ನಮ್ಮ ಯಜಮಾನರ ತಿಥಿ," ಎಂದು ಆಂಟಿ ಮುಂದುವರಿಸಿದರು. "ಕಾಗೆ ಮುಟ್ಟದೆ ನಾವು ಉಣ್ಣುದು ಹೇಗೆ? ಮಗನ ಹತ್ರ ಹೇಳಿದ್ರೆ ಬೇಡ ಅಂತಾನೆ. ಹಾಗೆ ವಾಕಿಂಗ್ ಅಂತ ಹೇಳಿ, ಬಾಳೆಲೆಯಲ್ಲಿ ಇಷ್ಟು ಅನ್ನ, ಒಂದು ವಡೆ ಕಟ್ಟಿಕೊಂಡು ಹೋದೆ. ಸೈಕಲ್ ದಾರಿಯ ಬದಿಗೆ ಹುಲ್ಲಿನ ಮೇಲೆ ಇಟ್ಟು ಕಾ ಕಾ ಅಂತ ಕರೆದೆ."

ಕಾ ಕಾ ಎಂಬುದನ್ನು ಅನುವಾದಿಸುವುದು ಹೇಗೆ? ಹೇಳಿದ್ದನ್ನು ಹೇಳಿದ ಹಾಗೆ ಹೇಳಬೇಕು. ಇಸ್ತ್ರಿ ಸೀರೆ ಉಟ್ಟು, ನ್ಯಾಯಪೀಠದ ಎದುರು ನಿಂತು, ನಾನೂ ಕಾ ಕಾ ಎಂದೆ.

"ಕಾಗೆ ಬಂತು, ಮುಟ್ಟಿತು," ಎಂದರು ಆಂಟಿ. "ಕಾಗೆ ಮುಟ್ಟಿದ್ದು ಸರಿಯಾಗಿ ಬರ್ಕೊಳ್ಳಿ ಅಂತ ಹೇಳಿ."

"ಅದು ಮುಖ್ಯವೇ?" ಎಂದರು ನ್ಯಾಯಾಧೀಶೆ.

"ಅದೇ ಮುಖ್ಯ."

ಅವರು ಬರೆದುಕೊಂಡರು. ನಾನು ನನ್ನ ಕಣ್ಣಾರೆ ನೋಡಿದೆ.

"ಆಮೇಲೆ ಎಲ್ಲಿಂದ ಬಂದವೋ, ಇಷ್ಟು ಪಾರಿವಾಳ. ನಾನು ಶೂ ಶೂ ಅಂತ ಓಡಿಸಿದೆ. ಅವು ಒಟ್ಟಿಗೇ ಬುರ್ರ್ ಅಂತ ಎದ್ದು ಆ ಓಡುವವನ ಮುಖಕ್ಕೇ ಹೋದ್ವು. ಅವನ ಕಿವಿಯಲ್ಲಿ ಬಿಳಿದು ಎಂತದೋ ಇತ್ತು, ಬೆಲ್ಲು ಅವನಿಗೆ ಕೇಳಿಸ್ಲಿಲ್ಲ, ನನಗೆ ಕೇಳಿಸ್ತು, ಎರಡು ಸಲ. ಹೆದರಿ ಸೈಕಲ್ ದಾರಿಗೆ ಹಾರಿದ. ಇವರು ನಿಧಾನಕ್ಕೇ ಬರ್ತಿದ್ರು, ಬ್ರೇಕ್ ಹಾಕಿದ್ರು, ಆದ್ರೂ ಚಕ್ರ ತಾಗಿತು. ಇವರದ್ದು ಎಂತ ತಪ್ಪುಂಟು? ಹಕ್ಕಿ ಓಡ್ಸಿದ್ದು ನಾನು."

ಸರ್ಕಾರಿ ವಕೀಲರು ಕೇಳಿದರು: ಹಕ್ಕಿಗೆ ಆಹಾರ ಹಾಕಬಾರದೆಂಬ ಬೋರ್ಡು ನೀವು ನೋಡಿರಲಿಲ್ಲವೇ?

"ನೋಡಿದ್ದೆ. ಓದ್ಲಿಕ್ಕೆ ಬರುದಿಲ್ಲ, ಚಿತ್ರ ನೋಡಿದ್ದೆ. ಅದ್ರಲ್ಲಿ ಇದ್ದದ್ದು ಪಾರಿವಾಳ. ನಾನು ಇಟ್ಟದ್ದು ಕಾಗೆಗೆ." ಬ್ಯಾಗಿನ ಹಿಡಿ ಸರಿಮಾಡಿ, "ಆದ್ರೂ ಒಳಗೆ ಗೊತ್ತಿತ್ತು. ಅದನ್ನೂ ಹೇಳ್ಬೇಕಲ್ಲ, ಬಿಡುದಿಲ್ಲ ಅಂತ ಹೇಳಿದ್ದೇನೆ," ಎಂದರು.

ಆ ವಕೀಲರು ಕೂತರು. ನ್ಯಾಯಾಧೀಶೆ ನನ್ನ ಮೂಲಕ ಆಂಟಿಗೆ ಹೇಳಿದರು: "ಅನ್ನದ ವಿಷಯ ಇವತ್ತು ನನ್ನ ಮುಂದಿಲ್ಲ. ನನ್ನ ಮುಂದಿರುವುದು ಸೈಕಲ್ ಮಾತ್ರ. ಆದರೆ ಬೋರ್ಡಿನ ಅರ್ಥ ಎಲ್ಲ ಹಕ್ಕಿಗಳೂ ಎಂದು. ಮುಂದಿನ ವರ್ಷ ದೇವಸ್ಥಾನದವರನ್ನು ಕೇಳಿ, ಏನಾದರೂ ದಾರಿ ಇದ್ದೀತು." ತೀರ್ಪು ಮಧ್ಯಾಹ್ನ ಎಂದು ಎದ್ದರು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಕಾಲು ಏಳಲಿಲ್ಲ. ಹತ್ತಿರದ ಹಾಕರ್ ಸೆಂಟರಿಗೆ ಹೋಗಿ ಏನೋ ತಿಂದು ಬಂದೆ. ಆಂಟಿ ಮಾತ್ರ ಬಾಗಿಲ ಹೊರಗಿನ ಬೆಂಚು ಬಿಟ್ಟು ಅಲ್ಲಾಡಲಿಲ್ಲ, ಬ್ಯಾಗು ತೊಡೆಯ ಮೇಲೆ ಹಾಗೆಯೇ. ಮಗ ಮುಖ ದಪ್ಪ ಮಾಡಿಕೊಂಡು ಪಕ್ಕದಲ್ಲಿ ಕೂತಿದ್ದ. ಊಟದ ನಂತರ ತೀರ್ಪು ಬಂತು, ಸೈಕಲ್ಲಿನವರ ತಪ್ಪು ಸಾಬೀತಾಗಿಲ್ಲ, ಬಿಡುಗಡೆ. ಆ ಮನುಷ್ಯ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತುಬಿಟ್ಟರು. ನಾಳೆ ಬೆಳಿಗ್ಗೆಯೇ ಸೈಕಲ್ ಹತ್ತಬಹುದು. ನಾನು ಚಪ್ಪಾಳೆ ಹೊಡೆಯಲು ಕೈ ಎತ್ತಿ ಇಳಿಸಿದೆ, ನನಗೇನು ಸಂಬಂಧ ಹೇಳಿ!

ಹೊರಗೆ ಬಂದು ಆಂಟಿಗೆ ಸುದ್ದಿ ಹೇಳಿದೆ. "ಒಳ್ಳೆದಾಯ್ತು," ಎಂದು ನಿಟ್ಟುಸಿರು ಬಿಟ್ಟು ಎದ್ದು ನಿಂತರು. ಬ್ಯಾಗು ಹೆಗಲಿಗೆ ಹಾಕಿಕೊಂಡರು.

"ಇನ್ನು ನನ್ನದು. ಪೊಲೀಸರು ಇಲ್ಲಿಗೇ ಬರ್ತಾರಾ, ನಾವೇ ಹೋಗ್ಬೇಕಾ?"

"ಯಾವ ಪೊಲೀಸರು ಆಂಟಿ?"

"ಅನ್ನ ಹಾಕಿದ್ದಕ್ಕೆ." ಬ್ಯಾಗಿನ ಜಿಪ್ ಎಳೆದು ತೋರಿಸಿದರು. ಎರಡು ಕಾಟನ್ ಸೀರೆ, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು, ಡಬ್ಬಿಯಲ್ಲಿ ಬಿಪಿ ಮಾತ್ರೆ, ಒಂದು ಪೊಟ್ಟಣ ಅವಲಕ್ಕಿ, ಗಂಡನ ಸಣ್ಣ ಫೋಟೋ. "ಅಲ್ಲಿಯ ಊಟ ನನಗೆ ಆಗ್ತದೋ ಇಲ್ವೋ ಅಂತ ಅವಲಕ್ಕಿ ಇಟ್ಕೊಂಡೆ. ಮಾತ್ರೆ ಹತ್ತು ದಿನಕ್ಕೆ ಉಂಟು. ಹತ್ತು ದಿನ ಸಾಕಲ್ವಾ?"

ಮಗ ಬೆಂಚಿನ ಮೇಲೆ ಕುಸಿದ. "ಅಮ್ಮಾ... ಜೈಲಿಗೆ ಅಂತ ಬ್ಯಾಗ್ ಪ್ಯಾಕ್ ಮಾಡಿದ್ದಾ?"

"ಹಕ್ಕಿಗೆ ಹಾಕಿದ್ರೆ ಹಿಡ್ಕೊಂಡು ಹೋಗ್ತಾರೆ ಅಂತ ಹೆದರಿಸಿದ್ದು ನೀನೇ ಅಲ್ವಾ?"

"ಬರೀ ಹೆದರ್ಸಕ್ಕೆ ಹೇಳಿದ್ದು ಅಮ್ಮಾ," ಎಂದು ಅವನು ಎದ್ದು ಅವರ ಭುಜ ಹಿಡಿದುಕೊಂಡ. ಕಣ್ಣು ತುಂಬಿತ್ತು. ನನಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ, ಇಸ್ತ್ರಿ ಸೀರೆಯ ಸೆರಗೆಲ್ಲ ಒದ್ದೆ. ಯಾರೂ ಕರೆದೊಯ್ಯುವುದಿಲ್ಲ, ಮನೆಗೆ ಹೋಗಬಹುದು ಎಂದು ನಾನು ಹೇಳಿದಾಗ ಆಂಟಿ ನಂಬಲಿಲ್ಲ. "ಖಂಡಿತವಾ?" ಎಂದರು. "ಶಿವನಾ..." ಎಂದವಳು ನಾಲಿಗೆ ಕಚ್ಚಿಕೊಂಡು, "ಕೇಳಿದ್ದನ್ನ ಕೇಳಿದ ಹಾಗೆ ಹೇಳ್ತಿದೀನಿ ಆಂಟಿ," ಎಂದೆ. ಆಗ ನಂಬಿದರು.

ಅಷ್ಟರಲ್ಲಿ ಸೈಕಲ್ಲಿನವರು ಹೊರಗೆ ಬಂದರು. ತೆರೆದ ಬ್ಯಾಗು, ಒಳಗಿನ ಸೀರೆ, ಬ್ರಷ್ಷು ನೋಡಿ, ಇವರು ಊರಿಗೆ ಹೊರಟಿದ್ದಾರೆಯೇ ಎಂದು ನನ್ನನ್ನು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರು ಮತ್ತೊಮ್ಮೆ ಬ್ಯಾಗನ್ನು ನೋಡಿದರು. ಆಮೇಲೆ, "ಜೈಲಿಗೆ ಹಾಕುತ್ತಾರೆಂದು ಎಣಿಸಿಯೂ ನನಗೋಸ್ಕರ ಯಾಕೆ ಬಂದರು, ಕೇಳುತ್ತೀರಾ?" ಎಂದರು.

ಕೇಳಿದೆ. ಆಂಟಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಕಂಡದ್ದು ನಾನೊಬ್ಬಳೇ ಅಲ್ವಾ?" ಎಂದರು.

ನಾನು ಅದನ್ನು ಇಂಗ್ಲಿಷಿಗೆ ಹೇಳಿದೆ. ಸೈಕಲ್ಲಿನವರು ಬಗ್ಗಿ ಬ್ಯಾಗಿನ ಜಿಪ್ ಎಳೆದು ಮುಚ್ಚಿ, ಅದನ್ನು ಆಂಟಿಯ ಕೈಯಿಂದ ತೆಗೆದುಕೊಂಡರು. ಮಗ ಕೇಳಿದ, ಕೊಡಲಿಲ್ಲ. ನಾನು ಕೇಳಿದೆ, ಕೊಡಲಿಲ್ಲ. ಎಂಆರ್‌ಟಿ ರೈಲು ಸ್ಟೇಷನ್ನಿನ ತನಕ, ಆಮೇಲೆ ಟ್ಯಾಂಪಿನೀಸ್‌ನಲ್ಲಿ ಲಿಫ್ಟ್ ಹತ್ತಿ ಮನೆಯ ಬಾಗಿಲ ತನಕ ತಾವೇ ಹೊತ್ತು ತಂದು ಇಟ್ಟು ಹೋದರಂತೆ.